ಮಾಚಯ್ಯನ ಇದ್ದಿಲುಂಡೆ ವಿಜಯ

ಗ್ಯಾಸ್ ಇಸ್ತ್ರಿಯೆಂಬ ಮಾಯೆಯು ಮಂಡ್ಯದ ಬೀದಿಬೀದಿಯನ್ನೂ ಆವರಿಸಿ, ಇದ್ದಿಲೆಂಬ ಪುರಾತನ ಧರ್ಮವು ಒಂಟಿಗಾಲಿನಲ್ಲಿ ನಿಂತಿದ್ದ ವೈಶಾಖಮಾಸದಲ್ಲಿ, ಸಕಲಸುಕ್ಕುಸಂಹಾರಕನೂ ತಳ್ಳುಗಾಡಿರಥಾರೂಢನೂ ಆದ ಮಾಚಯ್ಯನು ಎಸಗಿದ ಮಹತ್ಕಾರ್ಯವನ್ನು ಹೇಳುತ್ತೇನೆ. ಕಿವಿಗೊಡಿ, ನಡುವೆ ಬಾಯಿ ಹಾಕಬೇಡಿ.

ಇದ್ದಿಲು ಸಿಗದೆ ಅವನ ರಥವು ನಾಲ್ಕು ದಿನದಿಂದ ನಿಂತಿತ್ತು. ಧರ್ಮಪತ್ನಿಯೂ ವಾಗ್ಬಾಣವರ್ಷಿಣಿಯೂ ಆದ ಸಾಕಮ್ಮನು, ಅವನ ತಂದೆಯಿಂದ ಬಂದ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಗ್ಯಾಸಿನದು ತರೋಣವೆಂದಳು. ಹೊತ್ತೊಯ್ಯಲು ಭಾನುವಾರ ಬಾರೆಂದು ತನ್ನ ತಮ್ಮ ಕೆಂಚಯ್ಯನಿಗೆ ಹೇಳಿಯೂ ಕಳಿಸಿದಳು. ಅಪ್ಪನ ಕೈ ಸವೆಸಿದ ಹಿಡಿಯನ್ನು ಸವರಿ ಮಾಚಯ್ಯನು ಶಪಥಗೈದನು.

"ಕೇಳು ಸಾಕಮ್ಮ. ಮೂಟೆಯ ತಳದ ಇದ್ದಿಲ ಪುಡಿಗೆ ಹೋಟೆಲಿನವರು ಬಿಸಾಡುವ ಕಾಫಿ ಚರಟವನ್ನು ಬೆರೆಸಿ ಅಗ್ನಿಪಿಂಡಗಳನ್ನು ಸೃಷ್ಟಿಸದಿದ್ದರೆ, ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ."

"ಅದನ್ನ ನಿಮ್ಮವ್ವನ್ನೇ ಕೇಳ್ಬೇಕಿತ್ತು" ಎಂದು ಸಾಕಮ್ಮ ಸೊಪ್ಪು ಬಿಡಿಸತೊಡಗಿದಳು.

ಭಾನುವಾರ ಬೆಳಿಗ್ಗೆ ವೀರನು ಚರಟವನ್ನು ಹಿಂಡಿ, ಪುಡಿಯನ್ನು ಜರಡಿ ಹಿಡಿದು, ಅಂಟಿಗೆಂದು ರಾಗಿ ಗಂಜಿಯನ್ನು ಸುರಿದು, ಮೊಣಕೈವರೆಗೆ ಮಸಿಲೇಪಿತನಾಗಿ ಕಲಸಿದನು. ಉಂಡೆಯೆಂದರೆ ಆ ಕೈಗೆ ಗೊತ್ತಿದ್ದುದು ಒಂದೇ ಆಕಾರ. ಒದ್ದೆ ಅಂಗೈಯಲ್ಲಿ ನುಣ್ಣಗೆ ತಿರುವಿ ಮೂರು ಕಟ್ಟಿದನು. ಒಂದನ್ನು ಕಾದ ತಗಡಿನ ಮೇಲೆ ಒಣಗಲಿಟ್ಟು, ಎರಡನ್ನು ಅಡುಗೆಮನೆಯ ತಟ್ಟೆಯಲ್ಲೇ ಬಿಟ್ಟು ಸ್ನಾನಕ್ಕೆ ಹೋದನು.

ಆಗ ಬಂದನಯ್ಯಾ ಕೆಂಚಯ್ಯ! ಬಸ್ಸಿನಲ್ಲಿ ನಿಂತೇ ಬಂದು ಹಸಿದಿದ್ದ ಆ ಮಹಾಬಾಹುವು, ಅಕ್ಕ ನಲ್ಲಿಯ ಬಳಿ ಇದ್ದುದರಿಂದ, ತಾನೇ ಸೊಪ್ಪಿನ ಸಾರು ಸುರಿದುಕೊಂಡು ಕುಳಿತನು. ಮುದ್ದೆಯನ್ನು ಅಗಿಯುವುದು ಆ ಸೀಮೆಯಲ್ಲಿ ಅವಮಾನ, ನುಂಗಬೇಕು. ನುಂಗಿದನು. ಎರಡನ್ನೂ ನುಂಗಿದನು. ನೀರು ಕುಡಿದು, ಒಳಬಂದ ಅಕ್ಕನಿಗೆ ಹೇಳಿದನು: "ಮುದ್ದೆ ಯಾಕೋ ಮರಳ್ಮರಳು ಕಣಕ್ಕ. ಯಾವ ಮಿಲ್ಲಲ್ಲಿ ಬೀಸಿಸಿದ್ರಿ?"

ಸಂಜೆಯ ಹೊತ್ತಿಗೆ, ಪೆಟ್ಟಿಗೆ ಹೊರಬೇಕಾದವನು ಹೊಟ್ಟೆ ಹಿಡಿದು ಚಾಪೆಯ ಮೇಲೆ ಹೊರಳುತ್ತಿದ್ದನು. ಮಾಚಯ್ಯನು ಉಳಿದೊಂದು ಉಂಡೆಯನ್ನು ಒಡೆದು ಪೆಟ್ಟಿಗೆಗೆ ತುಂಬಿ, ಕಡ್ಡಿ ಗೀರಿ, ಬೀಸಿದನು, ಬೀಸಿದನು, ಬೀಸಿದನು. ಹೊತ್ತಿತು. ಹೌದು ಸ್ವಾಮಿ, ಹೊತ್ತಿತು! ಆದರೆ ಆ ಕಾವಿಗೆ ಒಂದು ಕರವಸ್ತ್ರದ ಸುಕ್ಕೂ ಜಗ್ಗಲಿಲ್ಲ. ವೀರನ ಕಣ್ಣು ತುಂಬಿತು. ಹೊಗೆ ಎಂದು ಒರೆಸಿಕೊಂಡನು.

ಸಾಕಮ್ಮ ಪೆಟ್ಟಿಗೆಯ ತಳವನ್ನು ಮುಟ್ಟಿ ನೋಡಿದಳು. ಟವೆಲ್ ಸುತ್ತಿ ತಮ್ಮನ ಹೊಟ್ಟೆಯ ಮೇಲಿಟ್ಟಳು. ಕೆಂಚಯ್ಯ ನರಳುವುದನ್ನು ನಿಲ್ಲಿಸಿದನು.

"ಶಾಖ ಕೊಡೋಕೆ ಚೆನ್ನಾಗೈತೆ" ಎಂದಳು. "ಇರ್ಲಿ ಬಿಡಿ, ಗುಜರಿಗೆ ಬ್ಯಾಡ."