ನಾನಿಲ್ಲದ ಊರಲ್ಲಿ ನನ್ನ ಶರ್ಟು

ಕಳೆದ ಚಳಿಗಾಲದಲ್ಲಿ ದಾವಣಗೆರೆಯಲ್ಲಿ ನಿಜವಾಗಿ ಏನಾಯಿತು, ಯಾವುದು ಆಮೇಲೆ ನನ್ನ ತಲೆಯೊಳಗೆ ಬಂದು ಸೇರಿಕೊಂಡಿತು ಎಂದು ಕೇಳಿದರೆ ಖಚಿತವಾಗಿ ಹೇಳಲಾರೆ. ಇದು ನನಗೆ ನಾಚಿಕೆಯ ಮಾತು. ನಾನು ರಸಾಯನಶಾಸ್ತ್ರದ ಎಂ.ಎಸ್ಸಿ. ಮಸ್ಕತ್ತಿನ ಒಂದು ಪ್ರಯೋಗಾಲಯದಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವುದು ನನ್ನ ಕೆಲಸ. ಮೂರು ಸಲ ಅಳೆಯದೆ ಒಂದು ಅಂಕಿಯನ್ನೂ ಬರೆಯುವವನಲ್ಲ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಹೆಂಡತಿ ಸುಮಾ ತಾನಾಗಿ ಒಪ್ಪಿಕೊಂಡರೂ ಇನ್ನೆರಡು ತುತ್ತು ತಿಂದ ಮೇಲೇ ನಾನು ಒಪ್ಪುವುದು.

ಊರು ಬಿಟ್ಟು ಹನ್ನೊಂದು ವರ್ಷ. ಎರಡು ವರ್ಷಕ್ಕೊಮ್ಮೆ ನಾಲ್ಕು ದಿನ ಬಂದು ಹೋಗುತ್ತೇನೆ. ಊರಿನ ಎರಡು ದಾಖಲೆಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೆ: ವಿನೋಬನಗರದ ವಿಳಾಸವಿರುವ ಮತದಾರರ ಗುರುತಿನ ಚೀಟಿ ಮತ್ತು ಡ್ರೈವಿಂಗ್ ಲೈಸೆನ್ಸ್. ಲೈಸೆನ್ಸಿನ ಅವಧಿ ಮುಗಿದು ವರ್ಷ ದಾಟಿದ್ದರಿಂದ ಮತ್ತೆ ಟೆಸ್ಟ್ ಕೊಡಬೇಕಿತ್ತು. ಮತದ ವಿಷಯದಲ್ಲಿ ನನ್ನದು ದೊಡ್ಡ ಕೊರಗು. "ಹೊರಗೆ ಬಂದ ಮೇಲೆ ಒಂದು ಸಲವೂ ಮತ ಹಾಕಿಲ್ಲ" ಎಂದು ಮಸ್ಕತ್ತಿನ ಪ್ರತಿ ಹುಟ್ಟುಹಬ್ಬದ ಊಟದಲ್ಲೂ ಹೇಳಿ, ಕೇಕ್ ಕತ್ತರಿಸುವವರ ಕೈ ನಿಲ್ಲಿಸುತ್ತಿದ್ದೆ. ಆದರೆ ಕೊರಗು ಸುಳ್ಳಲ್ಲ. ಮಸ್ಕತ್ತಿನಲ್ಲಿ ನಾನು ಎರಡೆರಡು ವರ್ಷದ ವೀಸಾ. ವಿನೋಬನಗರದ ಮತದಾರರ ಪಟ್ಟಿಯಲ್ಲಿ ಒಡಹುಟ್ಟಿದ ಗಿರಿಜಕ್ಕನ ಹೆಸರಿನ ಕೆಳಗೆ ನನ್ನದೊಂದು ಸಾಲು ಇರುವವರೆಗೆ ನಾನು ಒಂದು ಊರಿನವನು. ಆ ಸಾಲು ಅಳಿಸಿದರೆ ನಾನು ಬರೀ ಪ್ರಯಾಣಿಕ.

ಹೊರದೇಶದಲ್ಲಿರುವವರಿಗೆ ಬೇರೆಯದೇ ಅರ್ಜಿ ಇದೆ ಎಂದು ಓದಿ ತಿಳಿದುಕೊಂಡಿದ್ದೆ. ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಪಟ್ಟಿಯಲ್ಲೇ ಹೆಸರು ಇರುತ್ತದೆ. ಮತ ಹಾಕಲು ಮಾತ್ರ ಖುದ್ದಾಗಿ ಊರಿಗೆ ಬರಬೇಕು. ಇಷ್ಟೇ ತಾನೇ. ಎರಡು ವಾರ ರಜೆ ಹಾಕಿ, ಫೈಲು ಹಿಡಿದು ಹೊರಟೆ. ಮೊದಲ ವಾರ ಲೈಸೆನ್ಸ್, ಎರಡನೇ ವಾರ ಮತದಾರರ ಅರ್ಜಿ, ಮಧ್ಯದ ಭಾನುವಾರ ಬೆಣ್ಣೆ ದೋಸೆ.

ನಮ್ಮ ಬೀದಿಯಲ್ಲಿ ಆಟೋ ಇಳಿದು ಬ್ಯಾಗು ಕೆಳಗಿಟ್ಟೆ. ಎದುರಿನ ಇಸ್ತ್ರಿ ಅಂಗಡಿಯ ಬಸಣ್ಣ ತಲೆ ಎತ್ತಿ ನೋಡಿದ. ಯಾವಾಗ ಬಂದಿರಿ ಎಂದು ಕೇಳಲಿಲ್ಲ.

"ಸಾರ್, ಶರ್ಟ್ ಆಗೈತೆ, ಒಯ್ರಿ."

ಕೈಗೆ ಕೊಟ್ಟ ಶರ್ಟು ಇನ್ನೂ ಬಿಸಿಯಾಗಿತ್ತು. ನೀಲಿ ಚೌಕುಳಿಯದು. ನನ್ನದೇ. ಹನ್ನೊಂದು ವರ್ಷದ ಹಿಂದೆ ಬೀರುವಿನಲ್ಲಿ ಬಿಟ್ಟು ಹೋದದ್ದು.

"ಮಂಡಿ ಹೆಂಗೈತೆ ಈಗ?" ಎಂದ ಬಸಣ್ಣ.

"ಯಾವ ಮಂಡಿ?"

"ಎಡಗಡೇದು. ಮರ್ತ್ರ್ಯಾ? ಹಂಗಾರೆ ಗುಣ ಆಗೈತೆ ಬಿಡ್ರಿ."

ಮನೆ ಬಾಗಿಲು ಮುಟ್ಟುವಷ್ಟರಲ್ಲಿ ಇನ್ನಿಬ್ಬರು ನನ್ನ ಮಂಡಿಯನ್ನು ವಿಚಾರಿಸಿದರು. ಹಾಲಿನ ಅಂಗಡಿಯಾಕೆ, "ನಿನ್ನೆ ವಾಕಿಂಗ್ ತಪ್ಪಿಸಿದ್ರಂತೆ" ಎಂದು ಮೆಲ್ಲಗೆ ಗದರಿಸಿದಳು. ನಿನ್ನೆ ನಾನು ವಿಮಾನದಲ್ಲಿದ್ದೆ. ಇದ್ದೆ ಎಂದುಕೊಂಡಿದ್ದೇನೆ.

ನಮ್ಮ ಗಿರಿಜಕ್ಕ ಆ ಮನೆಯಲ್ಲಿದ್ದುಕೊಂಡು ಹಪ್ಪಳದ ವ್ಯಾಪಾರ ನಡೆಸುತ್ತಾಳೆ. ಹಿಟ್ಟು ನಾದುತ್ತಲೇ ವಿಷಯ ಬಿಚ್ಚಿದಳು.

"ಶಾಂತಮ್ಮ ಟೀಚರ್ ಅಂತ ಅಂಗನವಾಡಿಯೋರು. ಓಟಿನ ಪಟ್ಟಿ ಹಿಡ್ಕಂಡು ವರ್ಷಾ ಬರ್ತಾರೆ. ರುದ್ರೇಶಪ್ಪ ಅದಾರೇನ್ರಿ ಅಂತಾರೆ. ಇಲ್ಲ ಅಂದ್ರೆ ಹೆಸರು ಹೊಡೆದು ಹಾಕ್ತಾರೆ. ಅದಕ್ಕೆ ಈಗ ತಾನೇ ಹೊರಗೆ ಹೋದ ಅಂದೆ."

"ಎಲ್ಲಿಗೆ ಅಂದೆ?"

"ಕೊಂಡಜ್ಜಿ ಕೆರೆಗೆ, ವಾಕಿಂಗು."

"ಇಲ್ಲಿಂದ ಕೊಂಡಜ್ಜಿಗೆ ವಾಕಿಂಗಾ ಅಕ್ಕ?"

"ಬಸ್ಸಿಗೆ ಹೋಗಿ ಅಲ್ಲಿ ನಡೀತಾನೆ ಅಂದೆ. ಮಂಡಿ ನೋವು, ಡಾಕ್ಟ್ರು ಮಣ್ಣಿನ ಮ್ಯಾಲೆ ನಡಿ ಅಂದಾರೆ ಅಂದೆ. ಒಂದು ಹೇಳಿದ್ರೆ ಅದರ ಹಿಂದೆ ಇನ್ನೊಂದು ಬರ್ತೈತೋ."

ಹದಿನೈದು ದಿನಕ್ಕೊಮ್ಮೆ ನನ್ನ ಹಳೆಯ ಶರ್ಟುಗಳನ್ನು ಒಗೆದು ಬೀದಿಗೆ ಕಾಣುವಂತೆ ಹರವಿ, ಆಮೇಲೆ ಬಸಣ್ಣನ ಅಂಗಡಿಗೆ ಕಳಿಸುತ್ತಿದ್ದಳಂತೆ. ತಂತಿಯ ಮೇಲೆ ಶರ್ಟು ಒಣಗುತ್ತಿದ್ದರೆ ಮನೆಯಲ್ಲಿ ಗಂಡಸು ಇದ್ದಾನೆ ಎಂದೇ ಅರ್ಥ. ಬೀದಿಯವರೂ ನನ್ನ ಸಾಲು ಉಳಿಯಲಿ ಎಂಬ ಪ್ರೀತಿಯಿಂದ ಹೌದು ಹೌದು ಎಂದರು. ಹೇಳಿ ಹೇಳಿ ಕೊನೆಗೆ ಅವರೇ ನಂಬಿದರು.

ನಾನು ಶರ್ಟು ಬಿಡಿಸಿ ನೋಡಿದೆ. ಕಾಲರಿನ ಒಳಗೆ ಸಣ್ಣದೊಂದು ಬೆವರಿನ ಗೆರೆ ಇತ್ತು.

"ಹಳೇದಿರಬೇಕು" ಎಂದಳು ಅಕ್ಕ. ಹನ್ನೊಂದು ವರ್ಷ ಒಗೆದರೂ ಹೋಗದ ಗೆರೆ ಯಾವುದು ಎಂದು ಒಬ್ಬ ರಸಾಯನಶಾಸ್ತ್ರಜ್ಞನಾಗಿ ನಾನು ಕೇಳಬೇಕಿತ್ತು. ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಏಳುವಾಗ ನನ್ನ ಎಡ ಮಂಡಿ ನೋಯುತ್ತಿತ್ತು.

ಲೈಸೆನ್ಸಿನ ಕೆಲಸವಾದರೂ ಸುಲಭವಾಗಿ ಮುಗಿಯಲಿ ಎಂದು ಒಂದು ವಾರ ಅಕ್ಕನ ರುದ್ರೇಶಪ್ಪನಾಗಿಯೇ ಇರಲು ನಿರ್ಧರಿಸಿದೆ. ವಿದೇಶದ ವಿಷಯ ಎತ್ತಿದರೆ ಪ್ರಶ್ನೆ ಜಾಸ್ತಿ. ಹರಿಹರದ ಒಂದು ಡ್ರೈವಿಂಗ್ ಸ್ಕೂಲಿನ ಕಾರು ಹಿಡಿದು ಟೆಸ್ಟಿಗೆ ಹೋದೆ.

"ಇಷ್ಟು ದಿನ ಯಾಕ ರಿನೀವಲ್ ಮಾಡಿಸಲಿಲ್ಲ?" ಎಂದು ಕೇಳಿದರು ಆರ್‌ಟಿಒ ಇನ್ಸ್‌ಪೆಕ್ಟರು.

"ಮಂಡಿ ನೋವು ಸಾರ್. ಮನೆ ಬಿಟ್ಟು ಎಲ್ಲೂ ಹೋಗಿಲ್ಲ."

ಗಂಭೀರವಾಗಿ ಬಾಗಿಲು ತೆಗೆದು ಕುಳಿತೆ. ಬೆಲ್ಟ್ ಹಾಕಿದೆ. ಉಸಿರೆಳೆದು ಸ್ಟೀರಿಂಗಿಗೆ ಕೈ ಚಾಚಿದೆ. ಸ್ಟೀರಿಂಗ್ ಇರಲಿಲ್ಲ.

ಇನ್ಸ್‌ಪೆಕ್ಟರು ಕಿಟಕಿಗೆ ಬಗ್ಗಿದರು. "ನೀವು ಇಲ್ಲಿ ಕುಂತ್ರೆ ನಾನೇ ಓಡಸ್ಬೇಕಾಗ್ತದಲ್ರಿ."

ಮಸ್ಕತ್ತಿನಲ್ಲಿ ಸ್ಟೀರಿಂಗ್ ಎಡಗಡೆ. ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ. ನಾಲಿಗೆಗೆ ಸುಳ್ಳು ಕಲಿಸಿದ್ದೆ, ಕೈಕಾಲಿಗೆ ಕಲಿಸಿರಲಿಲ್ಲ. ಸೀಟು ಬದಲಿಸಿ ಹೊರಟೆ. ಇಂಡಿಕೇಟರ್ ಎಂದು ಒತ್ತಿದ್ದು ಒಣ ಬಿಸಿಲಿನಲ್ಲಿ ವೈಪರನ್ನು ಆಡಿಸಿತು. ತಿರುವಿನಲ್ಲಿ ನಯವಾಗಿ, ಆತ್ಮವಿಶ್ವಾಸದಿಂದ ಬಲಗಡೆಗೆ ಹೋದೆ. ಎದುರಿನಿಂದ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ಅದರ ಚಾಲಕ ತಪ್ಪು ದಾರಿಯಲ್ಲಿದ್ದಾನೆಂದು ನಾನು ಹಾರ್ನ್ ಹೊಡೆದೆ.

ಇನ್ಸ್‌ಪೆಕ್ಟರು ಕಲಿಸುವವರಿಗೆಂದು ತಮ್ಮ ಕಡೆ ಇದ್ದ ಇನ್ನೊಂದು ಬ್ರೇಕ್ ತುಳಿದು ಉಳಿಸಿದರು.

"ವಿನೋಬನಗರದಾಗೆ ಯಾವಾಗಿಂದ ಬಲಗಡೆ ಓಡಸ್ತಾರೆ?"

ನಾನು ಮಂಡಿ ಒತ್ತಿಕೊಂಡೆ.

ಫೇಲ್ ಎಂದು ಬರೆದು ಕಾಗದ ಕೊಡುವಾಗ ಅವರು ಮುಖವನ್ನೇ ನೋಡಿದರು. "ನಿಮ್ಮನ್ನ ನೋಡೀನಿ ನಾನು. ಕೊಂಡಜ್ಜಿ ಕೆರೆ ಏರಿ ಮ್ಯಾಲೆ ದಿನಾ ಬೆಳಗ್ಗೆ ಬರ್ತೀರಲ್ಲ, ಸ್ವಲ್ಪ ಕುಂಟ್ತಾ."

ಅಕ್ಕನಿಗೂ ಈ ಮನುಷ್ಯನಿಗೂ ಯಾವ ಪರಿಚಯವೂ ಇಲ್ಲ. ವಿಚಾರಿಸಿದೆ. ಮೂರು ಸಲ ವಿಚಾರಿಸಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಂಡಜ್ಜಿಗೆ ಹೋದೆ. ಚಳಿಗೆ ನೀಲಿ ಚೌಕುಳಿಯ ಶರ್ಟಿನ ಮೇಲೆ ಸ್ವೆಟರು ಹಾಕಿದ್ದೆ. ಕೆರೆಯ ಮೇಲೆ ಮಂಜು ನೀರಿಗೆ ಅಂಟಿಕೊಂಡಂತೆ ಕೂತಿತ್ತು. ಏರಿಯ ಪಕ್ಕದ ಚಹಾದಂಗಡಿಯ ಹೆಂಗಸು ಕೇಳದೆಯೇ ಲೋಟ ಮುಂದಿಟ್ಟಳು.

"ಸಕ್ಕರೆ ಹಾಕಿಲ್ಲ" ಎಂದಳು.

ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ, ನಿಜ. ಈ ವಯಸ್ಸಿನ ಎಷ್ಟೋ ಗಂಡಸರು ಹಾಕಿಕೊಳ್ಳುವುದಿಲ್ಲ. ಅವಳು ಅಂದಾಜಿನ ಮೇಲೆ ಕೊಟ್ಟಿರಬಹುದು. ಹೀಗೆಂದು ತರ್ಕಿಸುತ್ತಿರುವಾಗ ಏರಿಯ ಆ ತುದಿಯಲ್ಲಿ ಒಬ್ಬ ಮನುಷ್ಯ ಹೋಗುತ್ತಿರುವುದು ಕಂಡಿತು. ನನ್ನಷ್ಟೇ ಎತ್ತರ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಹಿಂದೆ ಹೋದೆ. ಎಷ್ಟು ಬೇಗ ನಡೆದರೂ ನಡುವಿನ ದೂರ ಅಷ್ಟೇ ಉಳಿಯಿತು. ಅವನೂ ಕುಂಟುತ್ತಿದ್ದ, ನಾನೂ ಕುಂಟುತ್ತಿದ್ದೆ.

ಬೇರೆ ಹೆಸರು ತೋಚದೆ ಕೂಗಿದೆ. "ರುದ್ರೇಶಪ್ಪಾ..."

ಅವನು ನಿಂತ. ತಿರುಗಿದ. ಮುಖ ಮಂಜಿನಲ್ಲಿತ್ತು. ಗುರುತಿನವರಿಗೆ ಮಾಡುವಂತೆ ಕೈ ಎತ್ತಿದ. ನಾನೂ ಮರ್ಯಾದೆಗೆ ಕೈ ಎತ್ತಿದೆ. ಅವನು ಹೊರಟುಹೋದ.

ವಾಪಸು ಬಂದಾಗ ಚಹಾದಾಕೆ ಕೇಳಿದಳು: "ನಿಮ್ಮ ಹೆಸರು ನೀವೇ ಕೂಗ್ತೀರಲ್ರಿ, ಯಾಕ?"

ನನ್ನ ಹೆಸರು ಅವಳಿಗೆ ಹೇಗೆ ಗೊತ್ತು ಎಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಸುಮಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಗಮನವಿಟ್ಟು ಕೇಳಿ, "ಇಬ್ಬರು ಇದ್ರೆ ಆ ವಾಕಿಂಗ್ ಮಾಡೋನನ್ನ ಕಳಿಸ್ರಿ, ನೀವು ಅಲ್ಲೇ ಇರ್ರಿ" ಎಂದಳು.

ನನಗೆ ನಗು ಬರಲಿಲ್ಲ. ಪಟ್ಟಿಯಲ್ಲಿರುವುದು ಒಂದೇ ಸಾಲು. ಅದನ್ನು ಅವನಿಗೆ ಬಿಟ್ಟುಕೊಡಲಾರೆ. ಅಂದೇ ವಿದೇಶದಲ್ಲಿರುವ ಮತದಾರ ಎಂದು ನಿಜ ಬರೆದು ಅರ್ಜಿ ಹಾಕಿದೆ. ಮೂರನೇ ದಿನ ಶಾಂತಮ್ಮ ಟೀಚರ್ ಪರಿಶೀಲನೆಗೆ ಬಂದರು. ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಹೊರದೇಶದಾಗ ಅದೀರಿ ಅಂತ ಬರದೀರಲ್ಲ. ಇಲ್ಲೇ ಅದೀರಲ್ರಿ."

"ಈಗ ಬಂದಿದ್ದೇನೆ ಮೇಡಂ. ಹನ್ನೊಂದು ವರ್ಷದಿಂದ ಮಸ್ಕತ್ತಿನಲ್ಲಿದ್ದೇನೆ. ಅಕ್ಕ ನಿಮಗೆ ಹೇಳಿದ್ದು ಸುಳ್ಳು."

"ನಾನು ನೋಡಿದ್ದು? ಹೋದ ಓಟಿನ ಚೀಟಿ ಕೊಡಾಕೆ ಬಂದಾಗ ಮಾಳಿಗೆ ಮ್ಯಾಲೆ ತಲೆಗೆ ಟವೆಲ್ ಸುತ್ಕಂಡು ಹಪ್ಪಳ ಕಾಯ್ತಾ ನಿಂತಿದ್ರಿ. ಬೆನ್ನು ಕಾಣ್ತಿತ್ತು."

ಬಸಣ್ಣ ಇಸ್ತ್ರಿ ಪೆಟ್ಟಿಗೆ ಬಿಟ್ಟು ಸಾಕ್ಷಿ ಹೇಳಲು ಬಂದ. "ಓಟಿನ ದಿನ ನನ್ನ ಬೆಂಚಿನ ಮ್ಯಾಲೇ ಕುಂತು ಮಂಡಕ್ಕಿ ತಿಂದ್ರಲ್ಲ ಸಾರ್. ಖಾರ ಅಂತ ಅರ್ಧ ಮಿರ್ಚಿ ಬಿಟ್ರಿ. ಬೆರಳಿನ ಶಾಯಿ ತೋರಿಸಿದ್ರಿ. ಎಲ್ಲಿ ಹೊರದೇಶ ಮೇಡಂ, ಇವ್ರು ಊರು ಬಿಟ್ಟು ಎಲ್ಲೂ ಹೋಗಾರಲ್ಲ."

ಹಾಲಿನಂಗಡಿಯಾಕೆ ಮಂಡಿಯ ಇತಿಹಾಸ ಹೇಳಿದಳು. ನಾನು ಪಾಸ್‌ಪೋರ್ಟ್ ತೆಗೆದೆ. ಅದು ಹೊಸದು, ಹಳೆಯದು ಮಸ್ಕತ್ತಿನ ಟ್ರಂಕಿನಲ್ಲಿತ್ತು. ಇದರಲ್ಲಿದ್ದ ದೊಡ್ಡ ಸಾಕ್ಷ್ಯವೆಂದರೆ ಹತ್ತು ದಿನದ ಹಿಂದೆ ನಾನು ಭಾರತಕ್ಕೆ ಬಂದದ್ದು.

ಅಕ್ಕ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ, "ಅವತ್ತು ಬಂದಿದ್ದ್ಯಲ್ಲೋ ನೀನು, ನನ್ನ ಕಣ್ಣಿನ ಆಪರೇಷನ್ನಿಗೆ" ಎಂದಳು.

"ಅದು ಆ ಓಟಿನ ಹಿಂದಿನ ವರ್ಷದ ಚಳಿಗಾಲ ಅಕ್ಕ. ಆಸ್ಪತ್ರೆಯಲ್ಲಿ ನಾನು ನಡುಗಿದ್ದು ನನಗೆ ಚೆನ್ನಾಗಿ ನೆನಪಿದೆ."

"ಬ್ಯಾಡ ಬಿಡು. ನಿನಗೆ ಹೇಳಿ ಏನುಪಯೋಗ."

ಹನ್ನೊಂದು ವರ್ಷ ಸುಳ್ಳು ಕಟ್ಟಿದವಳ ಮಾತನ್ನು ಸಾಕ್ಷ್ಯವೆಂದು ಒಪ್ಪುವುದು ವೈಜ್ಞಾನಿಕ ವಿಧಾನವಲ್ಲ. ತಳ್ಳಿಹಾಕಿದೆ. ಶಾಂತಮ್ಮ ಟೀಚರ್ 'ಅರ್ಜಿದಾರರು ಇದೇ ವಿಳಾಸದಲ್ಲಿ ವಾಸವಾಗಿದ್ದಾರೆ, ನೆರೆಯವರು ದೃಢಪಡಿಸಿದ್ದಾರೆ' ಎಂದು ಬರೆದುಕೊಂಡರು. ಆ ವಾಕ್ಯದೊಂದಿಗೆ ನನ್ನ ಅರ್ಜಿ ತಿರಸ್ಕೃತವಾಯಿತು. ಪಟ್ಟಿಯಲ್ಲಿ ಹಳೆಯ ಸಾಲು ಹಾಗೇ ಉಳಿಯಿತು. ಅದು ಯಾರದೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

ಲೈಸೆನ್ಸ್ ಇಲ್ಲದೆ, ಕುಂಟುತ್ತಾ ಹೊರಟೆ. ಆಟೋ ಹತ್ತುವಾಗ ಬಸಣ್ಣ, "ವಾಕಿಂಗಿಗೆ ಇಷ್ಟು ದೊಡ್ಡ ಬ್ಯಾಗ್ಯಾಕ ಸಾರ್?" ಎಂದು ಕೇಳಿದ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಮಾಳಿಗೆಯ ತಂತಿಯ ಮೇಲೆ ನೀಲಿ ಚೌಕುಳಿಯ ಶರ್ಟು ಕೈ ಬೀಸುತ್ತಿತ್ತು.

ಮಸ್ಕತ್ತಿಗೆ ಬಂದ ಮೇಲೆ ಮಂಡಿ ನೋವು ಹೋಯಿತು. ಕೆರೆಯ ಏರಿಯ ಮೇಲೆ ಕೈ ಎತ್ತಿದವನು ಯಾರು, ಚಹಾದಾಕೆಗೆ ಹೆಸರು ಹೇಳಿದ್ದು ಯಾರು, ನನಗೆ ತಿಳಿಯದು. ಆದರೆ ಟ್ರಂಕಿನಿಂದ ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದೆ. ಹೋದ ಚುನಾವಣೆಯ ಮತದಾನಕ್ಕೆ ಮೂರು ದಿನ ಮೊದಲು ಬೆಂಗಳೂರಿನಲ್ಲಿ ಒಳಬಂದ ಮುದ್ರೆ ಇದೆ. ಮತದಾನದ ಮರುದಿನ ಹೊರಹೋದ ಮುದ್ರೆ ಇದೆ. ಅದರ ಹಿಂದಿನ ಚಳಿಗಾಲದ ಮುದ್ರೆ ಇಲ್ಲ; ಅಕ್ಕನ ಆಪರೇಷನ್ನಿಗೆ ಬಂದದ್ದು ಆ ಸುಡುವ ಬೇಸಿಗೆಯಲ್ಲೇ. ನಾನು ನಡುಗಿದ್ದು ಆಸ್ಪತ್ರೆಯ ಏಸಿಗೆ ಇರಬೇಕು. ಹುಟ್ಟುಹಬ್ಬದ ಊಟಗಳಲ್ಲಿ ಈಗ ನಾನು ಬಾಯಿ ಮುಚ್ಚಿಕೊಂಡು ಕೇಕ್ ತಿನ್ನುತ್ತೇನೆ. ಆ ಎರಡು ಮುದ್ರೆಗಳನ್ನು ಮಾತ್ರ ಮೂರು ಸಲ ನೋಡಿದ್ದೇನೆ.