ಮೊದಲು ಉಪ್ಪು ಬಡಿಸಿ!

ನಮ್ಮ ಭಾವನ ತಲೆಯೊಳಗೆ ಮಿದುಳು ಇರಬೇಕಾದ ಜಾಗದಲ್ಲಿ ಒಂದು ಸೌಟು ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಬೇಡಿ. ಒಂದು ದಿನ ಮೂಡುಬಿದಿರೆಗೆ ಬನ್ನಿ. ಬೇಕರಿಯ ಮೇಲಿನ ಮಹಡಿಯಲ್ಲಿರುವ ನನ್ನ ಆಫೀಸಿನ ಮೆಟ್ಟಿಲು ಹತ್ತಿ, ಹೊಸದಾಗಿ ಕೆಲಸಕ್ಕೆ ಸೇರಿದ ಯಾರನ್ನಾದರೂ ನಿಲ್ಲಿಸಿ, "ಇವತ್ತು ನಿಮಗೇನು ಕೆಲಸ?" ಎಂದು ಕೇಳಿ. ಎಂಜಿನಿಯರಿಂಗ್ ಮುಗಿಸಿ ಬಂದ ಆ ಪ್ರಾಣಿ ಗಂಭೀರ ಮುಖ ಮಾಡಿ, "ಇವತ್ತು ನಾನು ಉಪ್ಪು" ಎನ್ನುತ್ತದೆ. ಪಕ್ಕದ ಮೇಜಿನವಳು ತಲೆಯೆತ್ತದೆ, "ನಾನು ಉಪ್ಪಿನಕಾಯಿ" ಎನ್ನುತ್ತಾಳೆ. ಇದು ಸಾಫ್ಟ್‌ವೇರ್ ಕಂಪೆನಿ ಸ್ವಾಮಿ! ನಾನು ಇದರ ಯಜಮಾನಿ!

ನಾವು ಮಾಡುವುದು ಕ್ಲಿನಿಕ್ಕುಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಡಾಕ್ಟರರ ಕ್ಲಿನಿಕ್ಕಿನ ಗೋಡೆಯ ಟೀವಿಯಲ್ಲಿ ನಿಮ್ಮ ನಂಬರು ಬಂದು ನೀವು ಎದ್ದು ಒಳಗೆ ಹೋಗಿದ್ದರೆ ಆ ನಂಬರು ನಮ್ಮದು. ನಂಬರು ಬಾರದೆ ಕೂತಲ್ಲೇ ಜ್ವರ ಬಿಟ್ಟಿದ್ದರೆ ಅದೂ ನಮ್ಮದೇ. ಇಂಥ ಕಂಪೆನಿಗೆ ದೊಡ್ಡ ತಲೆನೋವು ಯಾವುದು ಗೊತ್ತೆ? ಹೊಸಬರು. ಬರುತ್ತಾರೆ, ಕಲಿಯುತ್ತಾರೆ, ಕಲಿಯುತ್ತಲೇ ಇರುತ್ತಾರೆ, ಕಲಿತು ಮುಗಿಯುವ ಹೊತ್ತಿಗೆ ಚೀಲ ಹೆಗಲಿಗೇರಿಸಿ ಬೇರೆ ಕಡೆ ಹೋಗುತ್ತಾರೆ. ನಮ್ಮಂಥ ಸಣ್ಣವರಲ್ಲಿ ಹೊಸಬರು ಬೇಗ ಕೆಲಸಕ್ಕೆ ಒದಗದಿದ್ದರೆ ಅಂಗಡಿ ಮುಚ್ಚುವುದೇ ಗತಿ. ಈ ಚಿಂತೆಯಲ್ಲಿ ನಾನಿದ್ದಾಗಲೇ ಭಾವನ ಪ್ರವೇಶವಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಗಲ್ಫಿನಲ್ಲಿ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ಸಾಕಿ ಸಲಹಿ ನರಿಕೊಂಬಿಗೆ ಮರಳಿದವರು. ಮನೆಯಲ್ಲಿ ಕೂತದ್ದೇ ತಡ, ಅಕ್ಕನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದರು. ಅವಲಕ್ಕಿಯ ಪಕ್ಕ ಅರಸಿನ, ಸಕ್ಕರೆಯ ಪಕ್ಕ ಸಾಸಿವೆ! ಅವಸರದಲ್ಲಿ ಪಾಯಸಕ್ಕೆ ಸಾಸಿವೆ ಬಿದ್ದ ದಿನ ಅಕ್ಕನ ಫೋನು ಬಂತು. "ಇವರನ್ನು ನಿನ್ನ ಆಫೀಸಿಗೆ ಕರ್ಕೊಂಡು ಹೋಗು. ಇಲ್ಲದಿದ್ರೆ ನಾನೇ ನಿನ್ನ ಆಫೀಸಿಗೆ ಬಂದು ಕೂತುಕೊಳ್ತೇನೆ." ಇಬ್ಬರಲ್ಲಿ ಭಾವನೇ ವಾಸಿ ಎಂದುಕೊಂಡೆ. ನನ್ನ ಗ್ರಹಚಾರ ನೋಡಿ!

ಕೋಡ್ ಬರೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಎಷ್ಟು ಸಿಟ್ಟಿದ್ದರೂ ಇದನ್ನು ಒಪ್ಪುತ್ತೇನೆ. ಆದರೆ ಅವರ ಹೆಮ್ಮೆ ಅದರಲ್ಲಿಲ್ಲ. ನರಿಕೊಂಬಿನ ಸುತ್ತಮುತ್ತ ಮದುವೆ ಇರಲಿ, ಉತ್ತರಕ್ರಿಯೆ ಇರಲಿ, ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು ಊಟದ ಪಂಕ್ತಿಯ ತಲೆಗೆ ನಿಲ್ಲುವವರು ಇವರು. ಈಗೆಲ್ಲ ಕೇಟರಿಂಗಿನವರು ಟೊಪ್ಪಿ, ಕೈಗವಸು ಹಾಕಿಕೊಂಡು ಬರುತ್ತಾರಲ್ಲ, ಅವರನ್ನೂ ಬದಿಗೆ ಸರಿಸಿ, "ಅನ್ನ ಈ ಕಡೆ! ಸಾರು ಎಲ್ಲಿ ಸಾರು?" ಎಂದು ಕೂಗದಿದ್ದರೆ ಇವರಿಗೆ ತಿಂದದ್ದು ಕರಗುವುದಿಲ್ಲ.

ನಾನೋ, ಹೊಸಬರಿಗಾಗಿ ಬೆವರು ಸುರಿಸಿ ಒಂದು ತರಬೇತಿ ಸಿದ್ಧಮಾಡಿದ್ದೆ. ದಪ್ಪನೆಯ ಕೈಪಿಡಿ, ಬಣ್ಣಬಣ್ಣದ ಚಿತ್ರಗಳು, ನೋಡಲಿಕ್ಕೆ ವೀಡಿಯೋಗಳು, ಕೊನೆಯಲ್ಲಿ ಪರೀಕ್ಷೆ! ಅದನ್ನು ನೋಡುತ್ತಾ ಹುಡುಗರೆಲ್ಲ ನಿದ್ದೆ ಹೋಗುತ್ತಿದ್ದರು ಎಂಬುದು ಭಾವ ಹಬ್ಬಿಸಿದ ಸುದ್ದಿ. ಶುದ್ಧ ಸುಳ್ಳು. ನಿದ್ದೆ ಮಾಡಿದವನು ಒಬ್ಬನೇ. ಉಳಿದವರು ಕಣ್ಣು ಮುಚ್ಚಿ ಯೋಚಿಸುತ್ತಿದ್ದರು.

ಭಾವ ಬಂದ ವಾರವೇ ನನ್ನ ಕೈಪಿಡಿಯನ್ನು ಕಿಟಕಿ ಬಡಿದುಕೊಳ್ಳದಂತೆ ಅಡ್ಡ ಇಟ್ಟರು.

"ಎಂತ ಮಾಡಿದ್ದು ಭಾವ ಇದು?"

"ಗಾಳಿ ಜೋರುಂಟು ಮಾರಾಯ್ತಿ. ಒಳ್ಳೆ ಭಾರದ ಪುಸ್ತಕ, ಅಲ್ಲಾಡುವುದೇ ಇಲ್ಲ."

"ಹಾಗಾದ್ರೆ ಹೊಸಬರು ಕಲಿಯುವುದು ಹೇಗೆ?"

ಭಾವ ಕುರ್ಚಿ ಎಳೆದು ಕೂತರು. ಅವರು ಕುರ್ಚಿ ಎಳೆದರೆಂದರೆ ಉಪದೇಶ ಶುರುವಾಯಿತೆಂದೇ ಲೆಕ್ಕ. "ನೀನು ಹೇಳು, ಮೊದಲನೇ ಸಲ ಬಡಿಸ್ಲಿಕ್ಕೆ ನಿಂತವನ ಕೈಗೆ ಕುದಿಯುವ ಸಾರಿನ ಬಕೆಟ್ ಕೊಡ್ತಾರಾ? ಇಲ್ಲ. ಹಾಗಂತ ಬದಿಯಲ್ಲಿ ಕೂರಿಸಿ ಬಡಿಸುವುದರ ಬಗ್ಗೆ ಭಾಷಣ ಮಾಡ್ತಾರಾ? ಅದೂ ಇಲ್ಲ. ಕೈಗೆ ಉಪ್ಪು ಕೊಟ್ಟು, 'ಹೋಗು' ಅಂತಾರೆ. ಉಪ್ಪು ಬಡಿಸುವವ ಎಲ್ಲಾ ಎಲೆಯ ಎದುರೂ ಬಗ್ಗಬೇಕು. ಎಲ್ಲಿ ಕಂಬ ಅಡ್ಡ ಉಂಟು, ಎಲ್ಲಿ ನೆಲ ಜಾರ್ತದೆ, ಯಾವ ಅಜ್ಜನಿಗೆ ಕಿವಿ ಕೇಳುವುದಿಲ್ಲ, ಒಂದೇ ಸುತ್ತಿನಲ್ಲಿ ಎಲ್ಲ ಗೊತ್ತಾಗ್ತದೆ. ಜಾಸ್ತಿ ಬಿದ್ರೆ ಉಣ್ಣುವವರೇ ಬದಿಗೆ ಸರಿಸ್ತಾರೆ. ಯಾರ ಮೈಯೂ ಸುಡುವುದಿಲ್ಲ."

ಅಂದಿನಿಂದ ನಮ್ಮಲ್ಲಿ ಇದೇ ಕಾನೂನು. ಸೇರಿದ ಮೊದಲ ದಿನ, ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು, ಹೊಸಬರು ಒಂದು ಸಣ್ಣ ಬದಲಾವಣೆ ಮಾಡಿ ನಿಜವಾದ ಕ್ಲಿನಿಕ್ಕಿನ ನಿಜವಾದ ಟೀವಿಗೆ ತಲುಪಿಸಬೇಕು. ಆಮೇಲೆ ಬಸ್ಸು ಹತ್ತಿ ಆ ಕ್ಲಿನಿಕ್ಕಿಗೆ ಹೋಗಿ, ರೋಗಿಗಳ ನಡುವೆ ಕೂತು, ಅದನ್ನು ಕಣ್ಣಾರೆ ನೋಡಿ ಬರಬೇಕು! ಮಾಡುವುದು ಒಂದೇ ಸಾಲಿನ ಬದಲಾವಣೆಯಾದರೂ ಅದಕ್ಕಾಗಿ ಪಾಸ್‌ವರ್ಡಿನಿಂದ ಹಿಡಿದು ಸರ್ವರಿನ ತನಕ ಎಲ್ಲ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಕಳೆದ ಸಲ ಸೇರಿದವರು ಹಿಂದಿನಿಂದ ಉಪ್ಪಿನಕಾಯಿ ಹಿಡಿದು ಬರುತ್ತಾರೆ, ಅಂದರೆ ಪಕ್ಕದಲ್ಲಿ ಕೂತು ದಾರಿ ತೋರಿಸುತ್ತಾರೆ. ಅವರ ಹಿಂದೆ ಪಲ್ಯ, ಅನ್ನ, ಸಾರು. ಪಾಯಸದ ಯೋಗ್ಯತೆ ಬಂದವರು ಆಫೀಸಿನಲ್ಲಿ ಭಾವ ಒಬ್ಬರೇ. ಹಾಗೆಂದು ತೀರ್ಮಾನಿಸಿದವರೂ ಅವರೇ!

ಚಾರ್ಮಾಡಿಯ ಸುಪ್ರೀತಾ ಸೇರಿದ ದಿನದ ಕಥೆ ಕೇಳಿ. ಮಾತಾಡಿಸಿದರೆ ನೆಲ ನೋಡುವ ಹುಡುಗಿ. ಅವಳ ಪಾಲಿನ ಉಪ್ಪು ಪಾಣೆಮಂಗಳೂರಿನ ಒಂದು ಕ್ಲಿನಿಕ್ಕಿನ ಟೀವಿಯಲ್ಲಿ, ನಂಬರಿನ ಕೆಳಗೆ ಬರುವ ಒಂದು ಸಾಲು. ಅವಳು, "ದಯವಿಟ್ಟು ಚಪ್ಪಲಿ ಹೊರಗೆ ಬಿಡಿ" ಎಂದು ಬರೆದಳು. ಊಟದ ಹೊತ್ತಿಗೆ ಅದು ಟೀವಿಯಲ್ಲಿ ಬಂತು. ಸಂಜೆ ಡಾಕ್ಟರರ ಫೋನೂ ಬಂತು.

"ಎಂತದು ಮೇಡಂ ನಿಮ್ಮದು! ಮೆಟ್ಟಿಲಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ, ಅಷ್ಟು ಚಪ್ಪಲಿ! ಅದನ್ನು ಓದಿ ನಾನೂ ನನ್ನ ಹೊಸ ಶೂ ಹೊರಗೆ ಬಿಟ್ಟೆ. ಯಾರೋ ಹಾಕ್ಕೊಂಡು ಹೋದ್ರು!"

ನಾನು ಭಾವನ ಮೇಲೆ ಹರಿಹಾಯ್ದೆ. ಭಾವ ಶಾಂತವಾಗಿ ಹೇಳಿದರು: "ಮೊದಲನೇ ದಿನವೇ ಊರು ಇಡೀ ಆ ಹುಡುಗಿ ಹೇಳಿದ ಹಾಗೆ ಕೇಳಿತು. ಡಾಕ್ಟ್ರೂ ಕೇಳಿದ್ರು. ನೀನು ಇಷ್ಟು ವರ್ಷದಿಂದ ಕೂಗ್ತಾ ಇದ್ದಿ, ನಿನ್ನ ಮಾತನ್ನು ಒಬ್ಬರಾದ್ರೂ ಕೇಳಿದ್ದುಂಟಾ?"

ಸುಪ್ರೀತಾ ಮಾತ್ರ ಪಾಣೆಮಂಗಳೂರಿನಿಂದ ಮರಳುವಾಗ ನೆಲ ನೋಡುತ್ತಿರಲಿಲ್ಲ. ಮೆಟ್ಟಿಲನ್ನು ಓಡಿಕೊಂಡು ಹತ್ತಿ, "ಸರ್, ಒಬ್ಬರು ಅಜ್ಜಿ ಅದನ್ನು ಜೋರಾಗಿ ಓದಿದ್ರು!" ಎಂದು ಕೂಗಿದಳು. ಅದನ್ನು ಕೇಳಿ ನನಗೆ ಇನ್ನಷ್ಟು ಉರಿಯಿತು. ನನ್ನ ಕೈಪಿಡಿಯನ್ನು ಯಾರೂ ಯಾರಿಗೂ ಜೋರಾಗಿ ಓದಿ ಹೇಳಿದ್ದಿಲ್ಲ!

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಬಡಿಸಿದವರೆಲ್ಲ ಕೊನೆಯ ಪಂಕ್ತಿಯಲ್ಲಿ ಒಟ್ಟಿಗೆ ಕೂತು ಉಣ್ಣುವ ಕ್ರಮ ಉಂಟಲ್ಲ, ಅದನ್ನೂ ಆಫೀಸಿಗೆ ತಂದರು. ಸಂಜೆ ಕೆಳಗಿನ ಬೇಕರಿಯಿಂದ ಬನ್ಸು, ಚಹಾ ಬರುತ್ತದೆ. ಎಲ್ಲರೂ ಸುತ್ತ ಕೂತು, ಅಂದು ತಾನು ಏನು ಚೆಲ್ಲಿದೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಒಬ್ಬ ಎರಡು ಕ್ಲಿನಿಕ್ಕಿನ ನಂಬರು ಅದಲುಬದಲು ಮಾಡಿರುತ್ತಾನೆ. ಇನ್ನೊಬ್ಬಳು ಮಕ್ಕಳ ಡಾಕ್ಟರರ ಬಳಿಗೆ ಹಲ್ಲುನೋವಿನವರನ್ನು ಕಳಿಸಿರುತ್ತಾಳೆ. ಹೇಳಿ, ನಕ್ಕು, ಹೇಗೆ ಸರಿಮಾಡುವುದೆಂದು ಮಾತಾಡಿ ಏಳುತ್ತಾರೆ. ಚೆಲ್ಲಿದ್ದನ್ನು ಮುಚ್ಚಿಟ್ಟವನಿಗೆ ಮಾತ್ರ ಮರುದಿನ ಬನ್ಸಿಲ್ಲ.

ಮಾಡಿಕೊಳ್ಳಲಿ, ನನಗೇನು? ಆದರೆ ಒಂದು ಸಂಜೆ ಎಲ್ಲರೆದುರು ಭಾವ ನನ್ನ ಕಡೆ ತಿರುಗಿದರು. "ನಿನ್ನದು ಹೇಳು."

"ನನ್ನದಾ? ನಾನು ಎಂತದೂ ಚೆಲ್ಲಲಿಲ್ಲ."

"ಹಾಗಾದ್ರೆ ನೀನು ಇವತ್ತು ಬಡಿಸ್ಲೇ ಇಲ್ಲ" ಎಂದು ನನ್ನ ಬನ್ಸನ್ನು ಸುಪ್ರೀತಾಳ ತಟ್ಟೆಗೆ ಹಾಕಿದರು.

ನಾನು ಯಜಮಾನಿ! ಆ ಬನ್ಸು ನನ್ನದು! ಆ ತಟ್ಟೆಯೂ ನನ್ನದು! ಎಲ್ಲರೂ ನಕ್ಕರು. ಬಡಿಸುವವ ನಮ್ಮವನಾದರೆ ಪಂಕ್ತಿಯ ಕೊನೆಯಲ್ಲಿ ಕೂತರೂ ಅಡ್ಡಿಯಿಲ್ಲ ಎಂದು ಗಾದೆ ಕಟ್ಟಿದವರಿಗೆ ನಮ್ಮ ಭಾವನ ಪರಿಚಯ ಇದ್ದಿರಲಾರದು.

ಇದರಿಂದ ಲಾಭವಾಯಿತೇ ಎಂದು ನೀವು ಕೇಳಬಹುದು. ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ. ಹೊಸಬರು ಬೇಗ ಕಲಿತದ್ದು ನಿಜ. ಬಿಟ್ಟುಹೋಗುವವರು ಕಡಿಮೆಯಾದದ್ದೂ ನಿಜ. ಆದರೆ ಅದು ನಾನು ಕಿಟಕಿಗೆ ಹೊಸ ಪರದೆ ಹಾಕಿಸಿದ್ದರಿಂದಲೂ ಆಗಿರಬಹುದಲ್ಲ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಭಾವನ ಕೈಯಿಂದ ಚಹಾದ ಲೋಟ ಜಾರಿಬಿತ್ತು. ಹೆಕ್ಕಲು ಬಗ್ಗಿದರೆ ಬಲಗೈ ಏಳಲಿಲ್ಲ. ಅಕ್ಕನನ್ನು ಕರೆಯಲು ನಾಲಿಗೆಯೂ ಹೊರಳಲಿಲ್ಲ. ಪಾರ್ಶ್ವವಾಯು ಎಂದರು. ಜೀವಕ್ಕೆ ಅಪಾಯವಿಲ್ಲ, ಆದರೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾದೀತು ಎಂದರು ಡಾಕ್ಟರರು. ಮಾತು ನಿಧಾನಕ್ಕೆ ಒಂದೊಂದಾಗಿ ಮರಳಿತು. ನಡಿಗೆಯೂ ಮರಳಿತು. ಬಲಗೈ ಮಾತ್ರ ಮುಷ್ಕರ ಬಿಡಲಿಲ್ಲ.

ಭಾವ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರು. ನೆರೆಮನೆಯ ಮದುವೆಗೂ ಹೋಗಲಿಲ್ಲ. ನಾನು ನರಿಕೊಂಬಿಗೆ ಹೋದಾಗ ಗೋಡೆ ನೋಡುತ್ತಾ ಹೇಳಿದರು. "ಇನ್ನು ನಾನು... ಎಲೆಯ ಎದುರು ಕೂರುವವ. ಬಡಿಸುವವ ಅಲ್ಲ." ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ಇಷ್ಟು ವರ್ಷ ನನ್ನ ಆಫೀಸನ್ನು ಕಲ್ಯಾಣಮಂಟಪ ಮಾಡಿಟ್ಟು, ಈಗ ಕೈತೊಳೆದುಕೊಂಡು ಕೂತರೆ ಬಿಡುತ್ತೇನೆಯೇ? "ನಾಳೆ ಕಾರು ಕಳಿಸ್ತೇನೆ. ಬರದಿದ್ರೆ ನಾನೇ ಬಂದು ಎತ್ತಿಕೊಂಡು ಹೋಗ್ತೇನೆ" ಎಂದು ಜೋರು ಮಾಡಿ ಬಂದೆ. ಕಾರಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ.

ಮರುದಿನ ಬಂದರು. ನಾನು ಕಿಟಕಿಯ ಬಳಿ ಒಳ್ಳೆಯ ಕುರ್ಚಿ, ಬೆನ್ನಿಗೆ ದಿಂಬು ಇಡಿಸಿದ್ದೆ. ಅವರಿಗೆ ಯಾರೂ ಯಾವ ಕೆಲಸವನ್ನೂ ಹೇಳಕೂಡದೆಂದು ಅಪ್ಪಣೆ ಮಾಡಿದ್ದೆ. ಭಾವ ಕೂತರು. ಎದುರಿನ ಪರದೆಯಲ್ಲಿ ಅವರೇ ಬರೆದ ಕೋಡ್ ಇತ್ತು. ಗುರುತು ಸಿಗದ ನೆಂಟರನ್ನು ನೋಡುವಂತೆ ಅದನ್ನು ನೋಡಿದರು. ಎಡಗೈ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಿತು.

ಆಗ ಸುಪ್ರೀತಾ ನನ್ನ ಕೋಣೆಗೆ ನುಗ್ಗಿದಳು. ಈಗ ಅವಳು ಸಾರಿನ ಹಂತಕ್ಕೆ ಬಂದವಳು, ಯಾರ ಮುಖವನ್ನೂ ನೆಟ್ಟಗೆ ನೋಡಬಲ್ಲವಳು. "ಮೇಡಂ, ಸರ್‌ನ್ನು ಯಾಕೆ ನೆಂಟರ ಹಾಗೆ ಕೂರಿಸಿದ್ದು?" ಎಂದು ನನ್ನನ್ನೇ ಗದರಿಸಿ, ಉತ್ತರಕ್ಕೂ ಕಾಯದೆ ಹೊರಟಳು. ಭಾವನ ಬಳಿ ಕುರ್ಚಿ ಎಳೆದು ಕೂತಳು.

"ಸರ್, ಪಾಣೆಮಂಗಳೂರಿನ ಟೀವಿಗೆ ಒಂದು ಸಾಲು ಬೇಕಂತೆ. ಇವತ್ತು ಉಪ್ಪು ನಿಮ್ಮದು. ಹಿಂದೆ ಉಪ್ಪಿನಕಾಯಿ ಹಿಡ್ಕೊಂಡು ನಾನಿದ್ದೇನೆ."

ಭಾವ ಅವಳನ್ನು ನೋಡಿದರು. ಆಮೇಲೆ ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕತೊಡಗಿದರು. ಪಾಸ್‌ವರ್ಡ್ ಮರೆತಿತ್ತು, ಹೊಸದು ಮಾಡಿದರು. ನಡುವೆ ಎಲ್ಲೋ ದಾರಿ ತಪ್ಪಿತು, ಅವಳು ತೋರಿಸಿದಳು. ಆಫೀಸು ಪೂರ್ತಿ ಕೆಲಸ ಮಾಡುವಂತೆ ನಟಿಸುತ್ತಿತ್ತು. ಊಟದ ಹೊತ್ತು ಮೀರಿದರೂ ಒಬ್ಬರೂ ಡಬ್ಬಿ ಬಿಚ್ಚಲಿಲ್ಲ. ಅಂತೂ ಸಾಲು ಹೊರಟಿತು. ನಮ್ಮ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಡಬ್ಬಿ ಬಿಚ್ಚುವಷ್ಟರಲ್ಲಿ ಡಾಕ್ಟರರ ಫೋನು.

"ಮೇಡಂ, ಎಂತದು ಇದು! ನಂಬರೇ ಕಾಣುವುದಿಲ್ಲ! ನಮ್ಮ ಸಣ್ಣ ಟೀವಿ ತುಂಬ 'ಕೂತುಕೊಳ್ಳಿ, ನಿಮ್ಮ ಸರದಿ ಬರುತ್ತದೆ' ಅಂತ ಅದೊಂದೇ ಉಂಟು. ಜನ ಅದನ್ನು ಓದಿ ಕೂತೇ ಇದ್ದಾರೆ, ಒಬ್ಬರೂ ಒಳಗೆ ಬರುವುದಿಲ್ಲ. ಯಾರು ಮಾಡಿದ್ದು ಇದನ್ನು?"

ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಕೆಟ್ಟಿದೆ ಎಂದು ಅವರಿಗೆ ಗೊತ್ತಾಗಿತ್ತು. ಮಡಿಲಲ್ಲಿದ್ದ ಬಲಗೈಯನ್ನು ಎಡಗೈ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

"ಹೊಸಬರು, ಡಾಕ್ಟ್ರೇ!" ಎಂದೆ. "ಇವತ್ತೇ ಸೇರಿದ್ದು. ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿದೆ, ಅದಕ್ಕೆ ಊಟ ಬಿಟ್ಟು ಏಳ್ತಾರಾ ಯಾರಾದ್ರೂ? ಒಂದು ಗಳಿಗೆ ಬಾಯಲ್ಲೇ ಕರೆಯಿರಿ, ಸರಿ ಮಾಡ್ತಾರೆ. ಭಾರೀ ಚುರುಕು ನಮ್ಮ ಹೊಸಬರು. ಬೇಗ ಕಲೀತಾರೆ, ನೋಡ್ತಾ ಇರಿ!"

ಫೋನ್ ಇಟ್ಟು ತಿರುಗಿದೆ. ಭಾವ ಆಗಲೇ ಕೀಲಿಮಣೆಯನ್ನು ಎಡಗೈಯ ಕಡೆಗೆ ಎಳೆದುಕೊಳ್ಳುತ್ತಿದ್ದರು.