ನಲವತ್ತು ಗ್ರಾಂ ಮೂತಿಭಾರ

ಆಟದ ವಿಮಾನದ ಮೂತಿಗೆ ಸೀಸ ಕಟ್ಟುವ ಮೊದಲು ಆ ಸೀಸಕ್ಕೆ ಮುದ್ರೆ ಹಾಕಿಸಬೇಕೆಂಬುದು ಕುಮಟಾ ತಾಲೂಕಿನಲ್ಲಿ ಈಗ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆಗ ಗೊತ್ತಿಲ್ಲದೆ ಹೋದದ್ದು ಅಘನಾಶಿನಿಯ ಸುಚಿತಾ ಅಕ್ಕೋರಿಗೆ ಮಾತ್ರ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಚಿತಾ ಎಂಟು ತಿಂಗಳು ಕೂತು, ರಿಮೋಟಿನಿಂದ ಹಾರಿಸುವ ಥರ್ಮಾಕೋಲ್ ವಿಮಾನ ಮಾಡಿದ್ದಳು. ಅದು ಒಂದೇ ಒಂದು ಸಲ ಹೊಳೆ ದಾಟಿ ಬಂದರೆ ಜನ್ಮ ಸಾರ್ಥಕ ಎಂದುಕೊಂಡಿದ್ದಳು. ಆದರೆ ರೆಕ್ಕೆಯಡಿ ಎರಡು ಬೆರಳಿಟ್ಟು ಎತ್ತಿದರೆ ಬಾಲ ಕೆಳಗೆ ಬೀಳುತ್ತಿತ್ತು. ಅಪ್ಪನ ಬೀಸುಬಲೆಯಿಂದ ಸೀಸದ ಗುಂಡು ಬಿಚ್ಚಿ, ನಲವತ್ತು ಗ್ರಾಂ ತೂಗಿ ಮೂತಿಗೆ ಅಂಟಿಸಿದಳು. ವಿಮಾನ ಬೆರಳ ಮೇಲೆ ನೆಟ್ಟಗೆ ನಿಂತಿತು. ಅವಳು ಅಂಗಳದಲ್ಲೇ ಕುಣಿದುಬಿಟ್ಟಳು.

ಕುಣಿತ ಮುಗಿಯುವಷ್ಟರಲ್ಲಿ ಹಗುರ ವಸ್ತುಗಳ ಭಾರ ನಿಯಂತ್ರಣ ಕಚೇರಿಯ ನಿತ್ಯಾನಂದ ಸಾಹೇಬರು ಬಂದಿದ್ದರು.

"ಎಂತ ಅಕ್ಕೋರೆ, ಮುಳುಗೂಕೆ ತಂದ ಸೀಸ ಹಾರೂಕೆ ಹಾಕೂದಾ? ಮುದ್ರೆ ಎಲ್ಲಿ?"

"ನಲವತ್ತೇ ಗ್ರಾಂ, ಸಾಹೇಬ್ರೇ."

"ತಪ್ಪು ಸಣ್ಣದಾದ್ರೆ ಫಾರ್ಮೂ ಸಣ್ಣದು. ತುಂಬಿ ಕೊಡಿ."

ಕಚೇರಿಯಲ್ಲಿದ್ದ ಮುದ್ರೆಯ ತೂಕದ ಕಲ್ಲುಗಳಲ್ಲಿ ಅತಿ ಚಿಕ್ಕದು ಐವತ್ತು ಗ್ರಾಮಿನದು. ಅದನ್ನೇ ಕಟ್ಟಿದರು. ಮೂತಿ ಬಗ್ಗಿತು. ಬಾಲಕ್ಕೂ ಐವತ್ತು ಕಟ್ಟಿದರು. ಬಾಲ ಬಿತ್ತು. ಮೂತಿಗೆ ನೂರು, ಬಾಲಕ್ಕೆ ಮತ್ತೈವತ್ತು, ನಡು ಮುರಿಯದಂತೆ ಕಬ್ಬಿಣದ ಸರಳು. ಒಂಬತ್ತನೆಯ ದಿನ ಮುಕ್ಕಾಲು ಕಿಲೋದ ವಿಮಾನ ಆರೂಕಾಲು ಕಿಲೋ ಆಗಿ, ಕೂದಲೆಳೆಯಷ್ಟೂ ವಾಲದೆ ನಿಂತಿತು.

ಹಿರೇಗುತ್ತಿಯ ಗದ್ದೆ ಬಯಲಿನಲ್ಲಿ ಪರೀಕ್ಷೆ ನಡೆಯಿತು. ಪಂಖ ತಿರುಗಿತು. ಹುಲ್ಲು ಹಾರಿತು, ಸಾಹೇಬರ ಟೋಪಿ ಹಾರಿತು. ವಿಮಾನ ನಿಂತಲ್ಲೇ ಇತ್ತು. ಪ್ರಮಾಣಪತ್ರ ಹೀಗಿತ್ತು: "ಸಮತೋಲನ ನೂರಕ್ಕೆ ನೂರು. ಅಪಘಾತ ಇಲ್ಲ. ಮುದ್ರೆ ಒಡೆದು ಭಾರ ಇಳಿಸಿದವರಿಗೆ ಆರು ತಿಂಗಳ ಸಜೆ." ಸುಚಿತಾ ಅತ್ತಳು. ಅದನ್ನು ಆನಂದಬಾಷ್ಪವೆಂದು ಷರಾ ಬರೆಯಲಾಯಿತು.

ಮರುವಾರ ಕಚೇರಿಯವರು ಮೀನುಪೇಟೆಯ ತಕ್ಕಡಿಗಳನ್ನೆಲ್ಲ ಮುದ್ರೆಯ ಅವಧಿ ಮುಗಿದಿದೆಯೆಂದು ಹೊತ್ತುಕೊಂಡು ಹೋದರು. ಊರಿನಲ್ಲಿ ಮುದ್ರೆಯಿದ್ದು, ವಾಲದೆ ನಿಲ್ಲುವ ವಸ್ತು ಉಳಿದದ್ದು ಒಂದೇ. ಹಾಗಾಗಿ ವಿಮಾನವನ್ನೇ ತಕ್ಕಡಿ ಮಾಡಿ ಪೇಟೆಯ ತೊಲೆಗೆ ನೇತುಹಾಕಿದರು.

ವಿಮಾನಕ್ಕೆ ಮೂತಿ ಗಿಡ್ಡ, ಬಾಲ ಉದ್ದ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆಯ್ದು ಮಾರುವ ಸುಚಿತಾಳ ತಾಯಿ ಗಂಗಿ ಇದರ ಮರ್ಮವನ್ನು ಅರ್ಧ ತಾಸಿನಲ್ಲಿ ಕಂಡುಕೊಂಡಳು. ಮೂತಿಗೆ ಒಂದು ಕಿಲೋ ಕಲ್ಲು ತೂಗಿಸಿದರೆ ಬಾಲಕ್ಕೆ ಅರ್ಧ ಕಿಲೋ ಬಳಚು ಸಾಕು. ಸಾಹೇಬರು ಬಂದಾಗ ಮಾತ್ರ ಬಳಚು ಮೂತಿಗೆ, ಕಲ್ಲು ಬಾಲಕ್ಕೆ. ಅವರು ಕಿಲೋ ಕೇಳಿ ಎರಡು ಕಿಲೋ ಒಯ್ಯುತ್ತಿದ್ದರು.

"ಅಕ್ಕೋರೆ, ನಿಮ್ಮ ವಿಮಾನ ದೇವ್ರು!" ಎಂದರು.

"ಹಾರ್ಲಿಲ್ಲ ಅಲ್ದಾ ಸಾಹೇಬ್ರೇ," ಎಂದಳು ಸುಚಿತಾ.

ಸಾಹೇಬರ ಮನಸ್ಸು ಕರಗಿತು. ಆಚೆ ದಡದ ಪೇಟೆಗೂ ತಕ್ಕಡಿ ಬೇಕಿತ್ತು. ಸಂಜೆಯೊಳಗೆ ಸುತ್ತೋಲೆ ಹೊರಟಿತು: "ನೆಲ ಮುಟ್ಟದೆ ಹೊಳೆ ದಾಟಿದ ವಿಮಾನ ಹಾರಿದೆ ಎಂದೇ ದಾಖಲಿಸತಕ್ಕದ್ದು."

ಈಗ ಪ್ರತಿ ಬುಧವಾರ ವಿಮಾನ ದೋಣಿಯಲ್ಲಿ ಹಾರುತ್ತದೆ. ಪೈಲಟ್ ಸುಚಿತಾ ರಿಮೋಟು ಹಿಡಿದು ಪಕ್ಕದಲ್ಲೇ ಕೂರುತ್ತಾಳೆ. ಮೊದಲ ವಾರ ಅವಳಿಗೆ ನಾಚಿಕೆಯಾಗಿತ್ತು. ಹೋದ ವಾರ ದೋಣಿ ದಡಕ್ಕೆ ತಾಗಿ ಜನ ಚಪ್ಪಾಳೆ ತಟ್ಟಿದಾಗ ಅವಳು ಎದ್ದು ನಿಂತು, "ಸ್ವಲ್ಪ ಹಿಂದೆ ಸರೀರಿ, ವಿಮಾನ ಇನ್ನೂ ಇಳೀಲಿಲ್ಲ!" ಎಂದು ಕೂಗಿದಳು.

ಎಲ್ಲರೂ ಹಿಂದೆ ಸರಿದರು.